ಎತ್ತಿದ ಕಾಲು ಇಳಿಸಲಾಗಲಿಲ್ಲ

“ಸರ್ರ, ಕಾಲ ಕೆಳಗ ಇಡಬ್ಯಾಡ್ರಿ!”

ದೋಣಿ ನಡೆಸುವ ಯಲ್ಲವ್ವ ಕೂಗಿದ ರಭಸಕ್ಕೆ, ಎತ್ತಿದ ನನ್ನ ಬಲಗಾಲು ಗಾಳಿಯಲ್ಲೇ ನಿಂತಿತು. ಅನಗವಾಡಿ ಹತ್ತಿರದ ಹಿನ್ನೀರಿನ ನಡುಗಡ್ಡೆಯಲ್ಲಿ ನಾನು ಬೈನಾಕ್ಯುಲರ್‌ನಲ್ಲಿ ದೂರದ ರಾಜಹಂಸಗಳನ್ನು ನೋಡುತ್ತಲೇ ನಡೆಯುತ್ತಿದ್ದೆ. ಬಗ್ಗಿದರೆ ಬೂಟಿನ ಕೆಳಗೆ, ಉಸುಕಿನಲ್ಲಿ, ಹರಳುಕಲ್ಲಿನಂಥ ಮೂರು ತತ್ತಿಗಳು! ತಾಯಿಹಕ್ಕಿ ನೆತ್ತಿಯ ಮೇಲೆ ಚೀರುತ್ತ ಸುತ್ತುತ್ತಿತ್ತು. ನನ್ನನ್ನು ಸ್ವಾಗತಿಸುತ್ತಿದೆ ಎಂದುಕೊಂಡಿದ್ದೆ.

“ಹಕ್ಕಿ ನೋಡಾಕ ಬಂದು ನೀವ ಕೊಕ್ಕರೆ ಆಗಿ ನಿಂತೀರಲ್ರಿ,” ಎನ್ನುತ್ತ ಯಲ್ಲವ್ವ ತೋಳು ಹಿಡಿದು ನನ್ನನ್ನು ಹಿಂದಕ್ಕೆಳೆದರು.

“ಇಲ್ಲಿ ತತ್ತಿ ಇರ್ತಾವಂತ ಮೊದಲ ಹೇಳಬಾರದೇನ್ ಯಕ್ಕಾ?”

“ಹೇಳಾಕ ಎಲ್ಲಿ ಬಿಟ್ರಿ? ಹೊಳಿ ದಂಡಿ ಬಿಟ್ಟಾಗಿಂದ ನೀವ ಒಬ್ರ ಮಾತಾಡಾಕತ್ತೀರಿ.”

ಖರೆ. ಪ್ರಾಣಿಶಾಸ್ತ್ರದ ಪದವೀಧರನೆಂಬ ಹುಮ್ಮಸ್ಸಿನಲ್ಲಿ ದಾರಿಯುದ್ದಕ್ಕೂ ಅವರಿಗೆ ಹಕ್ಕಿಗಳ ಪಾಠ ಮಾಡಿದ್ದೆ. ನಾವು ದೂರ ಸರಿದ ಮೇಲೆ ಹಕ್ಕಿ ಇಳಿದು ಬಂದು ತತ್ತಿಗಳ ಮೇಲೆ ಕೂತಿತು. ಆಗ ನನಗೂ ಉಸಿರು ಬಂತು.

ಮರಳುವಾಗ ಯಲ್ಲವ್ವ ಮಾತಾಡಿದರು, ನಾನು ಕೇಳಿದೆ. ಬನಹಟ್ಟಿಯಲ್ಲಿ ಮಗ್ಗ ನೇಯುತ್ತಲೇ ಓದಿ, ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು. ಆ ಹೆಮ್ಮೆ ಇನ್ನೂ ಹಾಗೇ ಇದೆ. ಬಾಯಿ ಮಾತ್ರ ಸ್ವಲ್ಪ ಕಡಿಮೆಯಾಗಿದೆ.