ಮಧ್ಯಾಹ್ನದ ಗ್ರೈಂಡರ್

ಗೆಳೆಯರೇ, ಇವತ್ತು ಊಟವಾದ ಮೇಲೆ ನಾನು ಕಡಲ ದಂಡೆಯ ರೈಲಿನಲ್ಲಿದ್ದೆ. ಕಿಟಕಿಯಾಚೆ ನೀರು ಮಿನುಗುತ್ತಿತ್ತು, ಬೋಗಿ ತೊಟ್ಟಿಲಿನಂತೆ ತೂಗುತ್ತಿತ್ತು. ಗಡಗಡ ಸದ್ದು ಜೋರಾಗುತ್ತಾ ಹೋಗಿ ಎಚ್ಚರವಾಯಿತು. ರೈಲೂ ಇಲ್ಲ, ಕಡಲೂ ಇಲ್ಲ. ಬಸವನಗುಡಿಯ ನಮ್ಮ ಮನೆಯ ಚಾಪೆ, ಮತ್ತು ಪಕ್ಕದ ಮನೆಯ ಸರೋಜಮ್ಮನವರ ಗ್ರೈಂಡರ್. ದಿನಾ ಇದೇ ಹೊತ್ತಿಗೆ! ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಅಷ್ಟೊಂದು ಹಿಟ್ಟು ಯಾಕೋ!

ಕಣ್ಣಲ್ಲಿ ಇನ್ನೂ ಅರ್ಧ ಕಡಲನ್ನಿಟ್ಟುಕೊಂಡೇ ಕಾಂಪೌಂಡ್ ಗೋಡೆಯ ಹತ್ತಿರ ಹೋದೆ.

"ಏನಮ್ಮಾ, ಜನ ಮಲಗೋ ಹೊತ್ತಲ್ಲೇ ರುಬ್ಬಬೇಕಾ? ಬೆಳಗ್ಗೆ ಆಗಲ್ವಾ?"

ಸರೋಜಮ್ಮ ಕೈಗೆ ಮೆತ್ತಿದ್ದ ಹಿಟ್ಟು ಒರೆಸಿಕೊಳ್ಳುತ್ತಾ ಅಡುಗೆಮನೆ ಕಿಟಕಿಗೆ ಬಂದರು. ಸಿಟ್ಟೇ ಇಲ್ಲ.

"ನೀವು ಮಲಗ್ತೀರಾ ಅಂತಾನೇ ಈಗ ರುಬ್ಬೋದು ಸಾರ್. ನಿಮ್ಮ ಗೊರಕೆ ನಮ್ಮ ಹಾಲ್‌ವರೆಗೂ ಬರುತ್ತೆ. ಇದನ್ನ ಹಾಕಿದ್ರೆ ಅದು ಕೇಳಲ್ಲ, ನಮ್ಮನೆಯವರು ಆರಾಮಾಗಿ ನಿದ್ದೆ ಮಾಡ್ತಾರೆ."

ನನ್ನ ಪರವಾಗಿ ಒಂದು ಮಾತಾಡಲಿ ಎಂದು, ಹಿಂದೆಯೇ ಬಂದು ನಿಂತಿದ್ದ ಹೆಂಡತಿಯ ಕಡೆ ತಿರುಗಿದೆ. ಅವಳು ನನ್ನನ್ನು ನೋಡಲೂ ಇಲ್ಲ. ಗೋಡೆಯ ಮೇಲೆ ಬಗ್ಗಿ ಕೇಳಿದಳು:

"ರೀ ಸರೋಜಮ್ಮ, ಆ ಗ್ರೈಂಡರ್ ಎಲ್ಲಿ ತಗೊಂಡ್ರಿ?"