ಮೀನಿನ ಕೈ

ಸದಾಶಿವಗಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮೀನು ಮಾರುವ ಅಕ್ಕ ಒಬ್ಬಳಿದ್ದಳು. ಫೋನ್ ಬಂದರೆ ಮೊದಲು ಬೆರಳನ್ನು ಸೆರಗಿಗೆ ಒರೆಸಿಕೊಂಡು ಆಮೇಲೆ ಹಸಿರು ಗುಂಡಿ ಒತ್ತುವಳು. ಗುಂಡಿ ಕೆಲವೊಮ್ಮೆ ಕೆಲಸ ಮಾಡುತ್ತಿತ್ತು, ಕೆಲವೊಮ್ಮೆ ಇಲ್ಲ. "ನಂದು ಮೀನಿನ ಕೈ ಅಲ್ವಾ ತಮಾ, ಫೋನಿಗೆ ಹೇಸಿಕೆ ಬತ್ತದೆ" ಎಂದು ನಗುವಳು.

ಹಟ್ಟಿಕೇರಿಯಲ್ಲಿ ಅವಳ ಅಣ್ಣ ಹಾಸಿಗೆ ಹಿಡಿದಿದ್ದ. ಒಂದು ಮಧ್ಯಾಹ್ನ ಅವನ ಫೋನ್ ಬಂತು. ಅಕ್ಕ ಕೊಯ್ಯುತ್ತಿದ್ದ ಬಂಗಡೆ ಬಿಟ್ಟು ಬೆರಳು ಒರೆಸಿ ಒತ್ತಿದಳು, ಮತ್ತೆ ಒರೆಸಿ ಒತ್ತಿದಳು. ನಾನು ಬೇಲಿ ದಾಟಿ ಬರುವಷ್ಟರಲ್ಲಿ ರಿಂಗು ನಿಂತಿತು. ತಿರುಗಿ ಮಾಡಿದರೆ ಆ ಕಡೆ ಯಾರೂ ಎತ್ತಲಿಲ್ಲ. ಸಂಜೆ ಅಣ್ಣ ತೀರಿಕೊಂಡ ಸುದ್ದಿ ಬಂತು.

"ಏನ್ ಹೇಳೂಕೆ ಮಾಡಿದ್ನೇನ, ಈ ಕೈ ಕೇಳೂಕೆ ಬಿಡ್ಲಿಲ್ಲ" ಎಂದಳು. ಆಗ ನಗಲಿಲ್ಲ.

ಸೂತಕ ಕಳೆದ ಮೇಲೆ ನಾನೇ ಅವಳನ್ನು ಕಾರವಾರದ ಮೊಬೈಲ್ ಅಂಗಡಿಗೆ ಕರೆದೊಯ್ದೆ. ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್ ಒಂದು, ಫೋನ್ ಬಂದಾಗ ಪರದೆಯ ಮೇಲೆ ಕಣ್ಣಿಗೆ ಕಾಣದ ಹಾಳೆಯಂತೆ ಹಾಸಿಕೊಳ್ಳುತ್ತಿತ್ತಂತೆ. ಒತ್ತಿದ್ದೆಲ್ಲ ಆ ಹಾಳೆಗೇ ಹೋಗುತ್ತಿತ್ತು, ಕೆಳಗಿನ ಗುಂಡಿಗಲ್ಲ. ಅಂಗಡಿಯವನು ಅದನ್ನು ತೆಗೆದುಹಾಕಿ, "ನಿಮ್ಮ ಬೆರಳಿಂದು ಏನೂ ತಪ್ಪಿಲ್ಲ ಅಕ್ಕಾ" ಎಂದ. ಅವಳು ಹೂಂ ಎಂದಳು.

ಆದರೆ ಆಮೇಲೆ ಫೋನ್ ಬಂದಾಗಲೆಲ್ಲ ಎದ್ದು ಬಾವಿಕಟ್ಟೆಗೆ ಹೋಗಿ, ಸೋಪು ಹಚ್ಚಿ ಮೊಣಕೈವರೆಗೆ ತೊಳೆಯುವಳು. ತಿರುಗಿ ಬರುವಷ್ಟರಲ್ಲಿ ರಿಂಗು ನಿಂತಿರುತ್ತಿತ್ತು.

"ಫೋನ್ ಸರಿಯಾಗ್ಯದಲ್ಲೇ ಅಕ್ಕಾ, ಹಂಗೇ ಎತ್ತು" ಎಂದೆ ಒಂದು ದಿನ.

"ಅಂಗಡಿಯಂವ ನನ್ ಸಮಾಧಾನಕ್ಕೆ ಹಂಗೆ ಹೇಳ್ದ, ತಮಾ" ಎಂದು, ತೊಳೆದ ಬೆರಳನ್ನು ಮತ್ತೆ ಮೂಸಿ ನೋಡಿದಳು.