ಬಾಲ್ಕನಿಯ ಚಿಲಕ

ಬಸುರಿ ಮಗಳ ಕುಬಸದ ದಿನ ನಾನು ಹೋಟೆಲಿನ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ನಗಲಿ. ಬೇರೆಯವರಿಗೆ ಆಗಿದ್ದರೆ ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಗೋವಾದ ಕಲಂಗುಟ್‌ನ ಆ ಹೋಟೆಲಿನಲ್ಲಿ ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್. ಹೆಸರು ದೊಡ್ಡದು, ಕೆಲಸ ಇಷ್ಟೇ: ಹೆಣ್ಣುಮಕ್ಕಳು ರೂಮು ಗುಡಿಸಿ, ಒರೆಸಿ, ಹಾಸಿಗೆ ಹಾಸಿದ ಮೇಲೆ ನಾನು ಹೋಗಿ ತಪ್ಪು ಹುಡುಕಬೇಕು. ದಿಂಬಿನ ಮೇಲೊಂದು ಕೂದಲು, ಕನ್ನಡಿಯ ಮೂಲೆಯಲ್ಲಿ ನೀರಿನ ಕಲೆ, ಕಮೋಡಿನ ಹಿಂದೆ ಮರಳು. ಬಂದವರು ಅರ್ಧ ಸಮುದ್ರವನ್ನು ರೂಮಿಗೇ ಹೊತ್ತು ತರುತ್ತಾರೆ. ನನ್ನ ಕಣ್ಣು ಎಷ್ಟು ಕೆಟ್ಟುಹೋಗಿದೆ ಎಂದರೆ, ಬೀಗರ ಮನೆಗೆ ಹೋದಾಗಲೂ ಕೈಗೆ ಚಹಾ ಬರುವ ಮೊದಲೇ ಕಿಟಕಿಯ ಸಂದಿ ನೋಡಿ ಮುಗಿಸಿರುತ್ತೇನೆ.

ಮಗಳು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವಳನ್ನು ಧಾರವಾಡದಲ್ಲಿ ನನ್ನ ಅವ್ವನ ಹತ್ತಿರ ಬಿಟ್ಟು ಇಲ್ಲಿಗೆ ಬಂದೆ. ಗಂಡನಿಗೆ ವೆರ್ಣಾದ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ ಸಿಕ್ಕಿತ್ತು. ಒಂದೆರಡು ಸೀಜನ್ ನೋಡೋಣ ಎಂದುಕೊಂಡಿದ್ದೆವು. ಅವಳು ದೊಡ್ಡವಳಾದದ್ದು ಡಿಸೆಂಬರಿನಲ್ಲಿ, ಹೋಟೆಲ್ ತುಂಬಿತ್ತು, ನಾನು ಹೋಗಲಿಲ್ಲ. ಹತ್ತನೆಯ ಇಯತ್ತೆ ಪಾಸಾದದ್ದು ಮೇ ತಿಂಗಳಲ್ಲಿ, ಆಗಲೂ ತುಂಬಿತ್ತು. ನಿಶ್ಚಯಕ್ಕೆ ಹೋದೆ, ಊಟದ ಎಲೆ ಹಾಕುವ ಮೊದಲೇ ಬಸ್ಸಿಗೆಂದು ಎದ್ದೆ. ಮದುವೆಯಲ್ಲೂ ಅಕ್ಷತೆ ಬಿದ್ದ ರಾತ್ರಿಯೇ ಬಸ್ಸು ಹತ್ತಿದೆ. ರಜೆ ಕೇಳಿದಾಗೆಲ್ಲ ಮ್ಯಾನೇಜರು ಕೈ ಜೋಡಿಸಿ, "ಆಪ್ ಕೇ ಬಿನಾ ಕೈಸೇ ಚಲೇಗಾ?" ಎನ್ನುತ್ತಿದ್ದ. ನೀವಿಲ್ಲದೆ ನಡೆಯುವುದು ಹೇಗೆ! ಆ ಮಾತಿಗೆ ಪ್ರತಿ ಸಲ ಉಬ್ಬಿದೆ, ಪ್ರತಿ ಸಲ ಅಲ್ಲೇ ಉಳಿದೆ. ಬೈದು ಇಟ್ಟುಕೊಂಡಿದ್ದರೆ ಎಂದೋ ಬಿಟ್ಟು ಹೋಗುತ್ತಿದ್ದೆನೇನೋ.

ಏಳು ತಿಂಗಳು ತುಂಬಿ ಕುಬಸದ ದಿನ ಗೊತ್ತಾದಾಗ ಬೆಳಗಾವಿಯ ಗಂಡನ ಮನೆಯಿಂದ ಮಗಳೇ ಫೋನು ಮಾಡಿದಳು.

"ಬರ್ತೇನಿ ಅಂತ ಬರೇ ಬಾಯಿಲೆ ಹೇಳಬ್ಯಾಡವಾ. ಬರೂದಿದ್ರ ಬಾ."

"ಬರ್ತೇನಿ ಅಂದ್ನೆಲ್ಲ. ನಿನ್ನಾಣಿ ಬರ್ತೇನಿ."

"ಆಣಿ ಹಾಕಬ್ಯಾಡ, ಹೊಟ್ಟ್ಯಾಗ ಕೂಸೈತಿ."

ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಬೇಕು. ಹೊತ್ತು ಮುಳುಗುವುದರೊಳಗೆ ಆಗಬೇಕು. ಈ ಸಲ ಹೋಗದಿದ್ದರೆ ನನ್ನನ್ನು ಅವ್ವ ಎಂದು ಕರೆಯುವುದರಲ್ಲೇ ಅರ್ಥವಿಲ್ಲ ಎಂದು ನನಗೆ ಖರೇನೇ ಅನ್ನಿಸಿತ್ತು. ನನ್ನ ಗಂಡ ಹಿಂದಿನ ದಿನವೇ ಬೆಳಗಾವಿಗೆ ಹೋದ. ನನಗೆ ಮ್ಯಾನೇಜರು ಪೂರ್ತಿ ದಿನ ಬಿಡಲಿಲ್ಲ. ಬೆಳಗಿನ ರೂಮುಗಳನ್ನು ಮುಗಿಸಿ ಹೋಗಿ ಎಂದ. ಮಾಪುಸಾದಿಂದ ಹನ್ನೊಂದಕ್ಕೆ ಬಸ್ಸು ಹಿಡಿದರೆ ಚೋರ್ಲಾ ಘಾಟ್ ಹತ್ತಿ ನಾಲ್ಕರ ಹೊತ್ತಿಗೆ ಬೆಳಗಾವಿ. ಸೀರೆ, ಬಳೆ, ಕೊಬ್ಬರಿ, ಎಲ್ಲ ತುಂಬಿದ ಚೀಲವನ್ನು ಕೆಳಗೆ ಲಾಕರಿನಲ್ಲಿ ಇಟ್ಟಿದ್ದೆ. ಮಹಡಿಯ ಮೇಲೆ ಫೋನು ಒಯ್ಯುವಂತಿಲ್ಲ, ಹಾಗಾಗಿ ಅದೂ ಅಲ್ಲೇ.

ಆ ದಿನ ನನ್ನ ಜೊತೆಗಿದ್ದವಳು ಹೊಸದಾಗಿ ಸೇರಿದ್ದ ವಿಜಯಪುರ ಕಡೆಯ ಹೆಣ್ಣುಮಗಳು. ಎರಡು ಮಕ್ಕಳ ತಾಯಿ, ಹೇಳಿದ್ದನ್ನು ಎಂದೂ ತಪ್ಪಿಸುವವಳಲ್ಲ. ಒಮ್ಮೆ ತೆರೆದ ಬಾಲ್ಕನಿಯಿಂದ ಪಾರಿವಾಳಗಳು ಒಳಗೆ ಬಂದು ಬಿಳಿ ಹಾಸಿಗೆಯ ಮೇಲೆಲ್ಲ ಹೇಸಿಗೆ ಮಾಡಿದ್ದಕ್ಕೆ ನಾನು ಅವಳ ಮೇಲೆ ಚೆನ್ನಾಗಿ ಹಾರಾಡಿದ್ದೆ. ಅಂದಿನಿಂದ ರೂಮು ಬಿಡುವ ಮೊದಲು ಬಾಲ್ಕನಿಯ ಚಿಲಕ ಹಾಕುವುದೇ ಅವಳ ಕೊನೆಯ ಕೆಲಸ. ಕೊನೆಯ ರೂಮು ನೋಡುತ್ತಿದ್ದಾಗ ಅವಳು ಟವೆಲ್ ತರಲು ಹೋದಳು. ನಾನು ಪರದೆ ಸರಿಸಿ ಬಾಲ್ಕನಿಗೆ ಹೋದೆ. ಗೋಡೆಯ ಮರೆಯಲ್ಲಿದ್ದ ನೀರು ಹೋಗುವ ಕಿಂಡಿಯಲ್ಲಿ ಮರಳು ಕಟ್ಟಿಕೊಂಡಿತ್ತು. ಬಿಟ್ಟು ಬರಬಹುದಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ! ಕುಳಿತು ಬೆರಳಿನಿಂದ ಕೆದರತೊಡಗಿದೆ.

ಹಿಂದೆ ಗಾಜಿನ ಬಾಗಿಲು ಸರಿದ ಸದ್ದು, ಚಿಲಕ ಬಿದ್ದ ಸದ್ದು. ತಿರುಗುವಷ್ಟರಲ್ಲಿ ಪರದೆಯೂ ಮುಚ್ಚಿತು, ಒಳಗಿನ ದೀಪವೂ ಆರಿತು. ಅವಳು ನಾನು ಬಸ್ಸಿಗೆ ಹೋದೆನೆಂದೇ ತಿಳಿದಿದ್ದಳು.

ಕೂಗಿದೆ. ಗಾಜು ಬಡಿದೆ. ಬೀಚಿನ ಗದ್ದಲ ಕೇಳಬಾರದೆಂದು ಹಾಕಿಸಿದ ಎರಡು ಪದರದ ಗಾಜು ಅದು. ಒಳಗಿನದು ಹೊರಗೆ ಕೇಳದು, ಹೊರಗಿನದು ಒಳಗೆ ಕೇಳದು. ಯಾರಾದರೂ ಹುಡುಕಿಕೊಂಡು ಬರುತ್ತಾರೆ ಎಂದು ಸ್ವಲ್ಪ ಹೊತ್ತು ಸಮಾಧಾನ ಮಾಡಿಕೊಂಡೆ. ಆಮೇಲೆ ಹೊಳೆಯಿತು: ಯಾರು ಹುಡುಕುತ್ತಾರೆ? ಬೆಳಿಗ್ಗೆಯೇ ಎಲ್ಲರೂ, "ಚಲೋತ್ನಂಗ ಮಾಡ್ಕೊಂಡ ಬರ್ರಿ ಅಕ್ಕಾರ, ನಮಗೂ ಉಂಡಿ ತರ್ರಿ" ಎಂದು ಕಳಿಸಿಕೊಟ್ಟಾಗಿತ್ತು. ಇಡೀ ಹೋಟೆಲಿನ ಲೆಕ್ಕದಲ್ಲಿ ನಾನು ಬಸ್ಸಿನಲ್ಲಿದ್ದೆ.

ಕೆಳಗೆ ಬೀಚಿಗೆ ಹೋಗುವ ರಸ್ತೆ. ಬಾಡಿಗೆ ಸ್ಕೂಟರುಗಳು ಹೋಗುತ್ತಿದ್ದವು, ಮರಳಿನ ಮೇಲಿನ ಶ್ಯಾಕ್ ಹೋಟೆಲಿನ ಹಾಡು ಡಬಡಬ ಬಡಿಯುತ್ತಿತ್ತು. ಕೈ ಬೀಸಿದೆ. ಟೋಪಿ ಹಾಕಿದ ಒಬ್ಬಳು ನಗುತ್ತಾ ತಾನೂ ಕೈ ಬೀಸಿ ಹೋದಳು. ಪಕ್ಕದ ಬಾಲ್ಕನಿಗೆ ಒಬ್ಬ ವಿದೇಶಿ ಮುದುಕ ಸಿಗರೇಟು ಹಿಡಿದು ಬಂದ. ನಮ್ಮಿಬ್ಬರ ನಡುವೆ ಆಳೆತ್ತರದ ಜಾಲರಿ. ನನಗೆ ಬರುವ ಹರಕು ಇಂಗ್ಲಿಷಿನಲ್ಲಿ, "ಸರ್, ಡೋರ್, ಪ್ಲೀಸ್" ಎಂದೆ. ಅವನು ನನ್ನ ಯೂನಿಫಾರ್ಮ್ ನೋಡಿ, "ನೋ ಕ್ಲೀನಿಂಗ್ ಟುಡೇ, ಥ್ಯಾಂಕ್ಯೂ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಎಲಾ ಇವನ! ಅವನ ಏಳು ತಲೆಮಾರಿಗೂ ಕೇಳುವ ಹಾಗೆ ಧಾರವಾಡದ ಭಾಷೆಯಲ್ಲಿ ಬೈದೆ. ಬೈದ ಮೇಲೆ ಬಾಯಿ ಇನ್ನಷ್ಟು ಒಣಗಿತು.

ಎಸಿಯ ಯಂತ್ರ ಬಿಸಿ ಗಾಳಿ ಉಗುಳುತ್ತಿತ್ತು. ನೆರಳು ಜರುಗುತ್ತಾ ಗೋಡೆಗೆ ಹತ್ತಿಕೊಂಡಿತು, ನಾನೂ ಅದರ ಜೊತೆ ಗೋಡೆಗೆ ಹತ್ತಿಕೊಂಡೆ. ಬಸ್ಸು ಹೋಯಿತು ಎಂದು ತಿಳಿಯಲು ಗಡಿಯಾರ ಬೇಕಿರಲಿಲ್ಲ, ಬಿಸಿಲೇ ಹೇಳಿತು. ಲಾಕರಿನಲ್ಲಿ ಫೋನು ಬಡಿದುಕೊಳ್ಳುತ್ತಿರಬೇಕು. ಅಲ್ಲಿ ಮಗಳು ತಲೆಗೆ ಎರೆದುಕೊಂಡು, ಕೂದಲು ಬಿಟ್ಟುಕೊಂಡು, ಬಾಗಿಲ ಕಡೆ ನೋಡುತ್ತಿರಬೇಕು.

ಕಬ್ಬಿಣದ ಕುರ್ಚಿ ಎತ್ತಿದೆ. ಗಾಜು ಒಡೆದೇ ಬಿಡುತ್ತೇನೆ, ಆಗಿದ್ದಾಗಲಿ ಎಂದು ತಲೆಯ ಮೇಲಿನವರೆಗೂ ಎತ್ತಿದೆ. ಗಾಜಿನ ತುಂಬ ನನ್ನದೇ ಅಂಗೈ ಗುರುತು. ಮಧ್ಯಾಹ್ನ ಈ ರೂಮಿಗೆ ಜನ ಬರುವವರಿದ್ದಾರೆ ಎಂಬುದು ತಲೆಗೆ ಬಂತು. ಕುರ್ಚಿ ಕೆಳಗಿಟ್ಟೆ. ಇಟ್ಟದ್ದಷ್ಟೇ ಅಲ್ಲ, ಮೇಜಿಗೆ ಸರಿಯಾಗಿ ಜೋಡಿಸಿ ಇಟ್ಟೆ. ಆಮೇಲೆ ಜೇಬಿನಿಂದ ಬಟ್ಟೆ ತೆಗೆದು ಆ ಅಂಗೈ ಗುರುತುಗಳನ್ನೆಲ್ಲ ಒರೆಸಿದೆ. ಒರೆಸುತ್ತಿದ್ದಾಗ ನನ್ನ ಮೇಲೆ ನನಗೆ ಬಂದ ಸಿಟ್ಟು ಆ ಮುದುಕನ ಮೇಲೂ ಬಂದಿರಲಿಲ್ಲ. ಏನು ಹೆಂಗಸು ನಾನು! ಮಗಳು ಕಾಯುತ್ತಿದ್ದಾಳೆ, ನಾನು ಗಾಜು ಒರೆಸುತ್ತಿದ್ದೇನೆ.

ಎರಡು ದಾಟಿದ ಮೇಲೆ ಒಳಗೆ ದೀಪ ಹತ್ತಿತು. ಪರದೆ ಸರಿಯಿತು. ಸಮುದ್ರ ನೋಡಲೆಂದು ಬಂದ ಹೆಂಗಸು ನನ್ನನ್ನು ನೋಡಿ ಕಿಟಾರನೆ ಕಿರುಚಿದಳು, ಗಾಜಿನಿಂದಾಗಿ ನನಗೆ ಕಂಡದ್ದು ತೆರೆದ ಬಾಯಿ ಮಾತ್ರ. ನಾನು ಏನು ಮಾಡಿದೆ ಗೊತ್ತೇ? ಬೆವರು ಸುರಿಯುವ ಮುಖದಲ್ಲೇ ಕೈ ಜೋಡಿಸಿ, "ವೆಲ್‌ಕಮ್ ಮ್ಯಾಡಮ್" ಎಂದೆ.

ಸಾಮಾನು ತಂದ ಹುಡುಗ ಬಾಗಿಲು ತೆಗೆದ. ಓಡಿದೆ. ಮೆಟ್ಟಿಲ ಹತ್ತಿರ ಆ ವಿಜಯಪುರದವಳು ನನ್ನನ್ನು ಕಂಡು ಕಲ್ಲಾಗಿ ನಿಂತಳು.

"ಅಯ್ಯ ಶಿವನ, ಅಕ್ಕಾರ ನೀವ್ ಇಲ್ಲೇ ಅದೀರಿ? ನಾ ಚಿಲಕ ಹಾಕಿದ್ನೆಲ್ರಿ... ನೀವ ಹೇಳಿದ್ರೆಲ್ರಿ!"

ಹೊಡೆಯಲು ಎತ್ತಿದ ಕೈ ಹಾಗೇ ಇಳಿಯಿತು. ಹೌದಲ್ಲ, ನಾನೇ ಹೇಳಿದ್ದೆ. ಅವಳನ್ನು ದಾಟಿಕೊಂಡು ಕೆಳಗೆ ಹೋದೆ.

ಲಾಕರು ತೆಗೆದು ಫೋನು ನೋಡಿದೆ. ಗಂಡ ಒಂದು ಸಲ ಮಾಡಿದ್ದ. ಮಗಳದು ಒಂದೂ ಇರಲಿಲ್ಲ. ಅವಳಿಗೆ ಫೋನು ಹಚ್ಚಿದೆ. ಹಿಂದೆ ಹೆಣ್ಣುಮಕ್ಕಳ ನಗು, ಬಳೆಯ ಸದ್ದು ಕೇಳಿತು.

"ಯವ್ವಾ, ಬಾಲ್ಕನ್ಯಾಗ ಸಿಕ್ಕೊಂಡಿದ್ನೆವ್ವಾ, ದೇವರಾಣಿ, ಸುಳ್ಳಲ್ಲ. ಈಗ ಹೊಂಟೆ. ಕಾರ್ ಮಾಡ್ಕೊಂಡಾದ್ರೂ ಬರ್ತೇನಿ. ಸ್ವಲ್ಪ ತಡೀರಿ."

"ಇರ್ಲಿ ಬಿಡವ್ವಾ," ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಜ್ವರ ಬಂದವರನ್ನು ಮಾತಾಡಿಸುವ ಹಾಗೆ ಮಾತಾಡಿದಳು. "ಗಡಿಬಿಡಿ ಮಾಡಬ್ಯಾಡ, ಘಾಟ್ ದಾರಿ ಐತಿ. ಬಾಜೂ ಮನಿ ಕಾಕು ಉಡಿ ತುಂಬಾಕತ್ತಾರ. ಅವರಿಗೆ ನಾ ಮೊದಲ ಹೇಳಿಟ್ಟಿದ್ದೆ."

"ಮೊದಲ ಅಂದ್ರ? ಇವತ್ತ ಮುಂಜಾನೆ?"

"ಇಲ್ಲವ್ವಾ. ಕುಬಸದ ದಿನ ಗೊತ್ತ ಮಾಡಿದಾಗನ."